ಮನೆಯ ಎಸ್ಪ್ರೆಸೊ ಮಷೀನ್: ಜಿಡ್ಡು ತೆಗೆಯುವುದು, ಸುಣ್ಣ ಬಿಡಿಸುವುದು

ಎಸ್ಪ್ರೆಸೊ ಮಷೀನಿನೊಳಗೆ ಎರಡು ಬಗೆಯ ಕೊಳೆ ಸೇರುತ್ತದೆ. ಕಾಫಿಯಿಂದ ಬರುವುದು ಎಣ್ಣೆ ಜಿಡ್ಡು, ನೀರಿನಿಂದ ಬರುವುದು ಸುಣ್ಣ. ಎರಡೂ ಕೂರುವ ಜಾಗ ಬೇರೆ, ಬಿಡುವ ಮದ್ದೂ ಬೇರೆ. ಜಿಡ್ಡು ಗ್ರೂಪ್ ಹೆಡ್ (ಬಿಸಿನೀರು ಕಾಫಿ ಪುಡಿಯ ಮೇಲೆ ಇಳಿಯುವ ಭಾಗ), ಅದರ ಕೆಳಗಿನ ಜಾಲರಿಯಾದ ಶವರ್ ಸ್ಕ್ರೀನ್, ಪುಡಿ ತುಂಬುವ ತೂತಿನ ಬಟ್ಟಲಾದ ಬಾಸ್ಕೆಟ್, ಅದನ್ನು ಹಿಡಿದಿಡುವ ಹಿಡಿಯುಳ್ಳ ಪೋರ್ಟಾಫಿಲ್ಟರಿನ ಮೂತಿಗಳಲ್ಲಿ ಅಂಟುತ್ತದೆ. ಅದನ್ನು ಬಿಡಿಸಲು ಕ್ಷಾರ ಬೇಕು. ಸುಣ್ಣ ನೀರು ಕಾಯುವ ಕಡೆ, ಅಂದರೆ ಬಾಯ್ಲರ್, ಥರ್ಮೋಬ್ಲಾಕ್ (ನೀರು ಹರಿಯುತ್ತಲೇ ಕಾಯುವ ಲೋಹದ ಗಟ್ಟಿ), ಸ್ಟೀಮ್ ಕೊಳವೆಗಳ ಒಳಗೆ ಕಟ್ಟುತ್ತದೆ. ಅದು ಕರಗುವುದು ಹುಳಿಗೆ, ಅಂದರೆ ಆಸಿಡ್ಡಿಗೆ. ಎಷ್ಟೋ ಮನೆಗಳಲ್ಲಿ ಕಾಫಿ ಕಮಟು ವಾಸನೆ ಹೊಡೆದರೆ ಡೀಸ್ಕೇಲ್ (ಹುಳಿ ಹಾಕಿ ಸುಣ್ಣ ಬಿಡಿಸುವುದು) ಮಾಡುತ್ತಾರೆ, ನೀರು ಸಣ್ಣಗೆ ಬಂದರೆ ಡಿಟರ್ಜೆಂಟ್ ಹಾಕುತ್ತಾರೆ. ಎರಡೂ ವ್ಯರ್ಥ ಕೆಲಸ. ಮೊದಲು ತೊಂದರೆ ಯಾವುದೆಂದು ಗುರುತಿಸಿ, ಆಮೇಲೆ ಡಬ್ಬಿಗೆ ಕೈ ಹಾಕಿ.

ನಿಮ್ಮ ಮಷೀನ್ ಯಾವ ಜಾತಿಯದು?

ಶುರು ಮಾಡುವ ಮೊದಲು ಮೂರು ಸಂಗತಿ ಗೊತ್ತಿರಬೇಕು.

ಮೊದಲನೆಯದು ಬಾಯ್ಲರಿನ ಲೋಹ. ರಾನ್ಸಿಲಿಯೊ ಸಿಲ್ವಿಯಾದಲ್ಲಿರುವುದು ಹಿತ್ತಾಳೆ ಬಾಯ್ಲರ್. ಹಳೆಯ ಗ್ಯಾಜಿಯಾ ಕ್ಲಾಸಿಕ್‌ಗಳಲ್ಲಿ ಅಲ್ಯೂಮಿನಿಯಂ. ಇ61 ಗ್ರೂಪ್ (ಲಿವರ್ ಎತ್ತಿ ನಡೆಸುವ ಒಂದು ಬಗೆಯ ಗ್ರೂಪ್ ಹೆಡ್) ಇರುವ ದೊಡ್ಡ ಮಷೀನುಗಳಲ್ಲಿ ಸಾಮಾನ್ಯವಾಗಿ ತಾಮ್ರ ಇಲ್ಲವೇ ಸ್ಟೇನ್‌ಲೆಸ್ ಸ್ಟೀಲ್. ಸಣ್ಣ ಮಷೀನುಗಳಲ್ಲಿ ಬಾಯ್ಲರ್ ಬದಲು ಥರ್ಮೋಬ್ಲಾಕ್ ಅಥವಾ ಅದರದೇ ಸುರುಳಿ ಕೊಳವೆಯ ರೂಪವಾದ ಥರ್ಮೋಕಾಯಿಲ್ ಇರುತ್ತದೆ. ಅಲ್ಯೂಮಿನಿಯಂ ಹುಳಿಗೂ ಸವೆಯುತ್ತದೆ, ಕ್ಷಾರಕ್ಕೂ ಕಪ್ಪಾಗುತ್ತದೆ. ಹಾಗಾಗಿ ಅದಕ್ಕೆ ಹುಳಿಯ ಅಳತೆಯೂ ಸಮಯವೂ ಅರ್ಧ ಸಾಕು.

ಎರಡನೆಯದು ತ್ರೀ-ವೇ ಸೊಲೆನಾಯ್ಡ್ ವಾಲ್ವ್ (ಗ್ರೂಪಿನಲ್ಲಿ ಉಳಿದ ಒತ್ತಡವನ್ನು ಹೊರಬಿಡುವ ವಿದ್ಯುತ್ ವಾಲ್ವ್) ಇದೆಯೇ ಎಂಬುದು. ಶಾಟ್ (ಒಂದು ಸಲಕ್ಕೆ ಎಳೆಯುವ ಎಸ್ಪ್ರೆಸೊ) ನಿಲ್ಲಿಸಿದ ಕೂಡಲೇ ಬೇರೊಂದು ಕೊಳವೆಯಿಂದ ಡ್ರಿಪ್ ಟ್ರೇಗೆ ನೀರು 'ಪುಸ್' ಎಂದು ಚಿಮ್ಮಿ, ಪೋರ್ಟಾಫಿಲ್ಟರ್ ತೆಗೆದಾಗ ಕಾಫಿ ಗಟ್ಟಿ ಬಿಲ್ಲೆಯಾಗಿ ಬಂದರೆ ವಾಲ್ವ್ ಇದೆ ಎಂದರ್ಥ. ಇ61 ಗ್ರೂಪಿನಲ್ಲಿ ಸಾಮಾನ್ಯವಾಗಿ ಸೊಲೆನಾಯ್ಡ್ ಇರುವುದಿಲ್ಲ, ಅದೇ ಕೆಲಸವನ್ನು ಲಿವರ್ ಒಳಗಿನ ಯಾಂತ್ರಿಕ ವಾಲ್ವ್ ಮಾಡುತ್ತದೆ. ಈ ಎರಡರಲ್ಲಿ ಒಂದಾದರೂ ಇದ್ದರೆ ಮಾತ್ರ, ತೂತಿಲ್ಲದ ಬಾಸ್ಕೆಟ್ ಹಾಕಿ ನೀರನ್ನು ವಾಲ್ವಿನ ಮೂಲಕ ಹಿಂದಕ್ಕೆ ಓಡಿಸಿ ತೊಳೆಯುವ ಬ್ಯಾಕ್‌ಫ್ಲಶ್ ಮಾಡಬಹುದು. ಇಲ್ಲದ ಮಷೀನಿನಲ್ಲಿ ಮಾಡಿದರೆ ಒಳಗಿನ ಒತ್ತಡಕ್ಕೆ ಹೊರದಾರಿ ಇರುವುದಿಲ್ಲ. ಪೋರ್ಟಾಫಿಲ್ಟರ್ ತಿರುಗಿಸಿದ ಕ್ಷಣ ಕುದಿನೀರು ಕೈಗೆ ಎರಚುತ್ತದೆ.

ಮೂರನೆಯದು ಮ್ಯಾನ್ಯುಯಲ್ ಏನು ಹೇಳುತ್ತದೆ ಎಂಬುದು. ಕೆಲವು ಎರಡು ಬಾಯ್ಲರ್ ಮಷೀನುಗಳ ತಯಾರಕರು ಮನೆಯಲ್ಲಿ ಡೀಸ್ಕೇಲ್ ಮಾಡಲೇಬೇಡಿ, ಸುಣ್ಣ ಕಟ್ಟದ ನೀರನ್ನೇ ಹಾಕಿ ಎಂದು ಸ್ಪಷ್ಟವಾಗಿ ಬರೆದಿರುತ್ತಾರೆ. ಅದಕ್ಕೆ ಕಾರಣವಿದೆ. ದೊಡ್ಡ ಸ್ಟೀಮ್ ಬಾಯ್ಲರಿನಿಂದ ಹುಳಿನೀರನ್ನು ಪೂರ್ತಿ ಹೊರಹಾಕುವುದು ಕಷ್ಟ. ಅರ್ಧಂಬರ್ಧ ಬಿಟ್ಟ ಸುಣ್ಣದ ಚೂರು ಸಣ್ಣ ಜೆಟ್‌ಗಳಲ್ಲಿ ಸಿಕ್ಕಿಕೊಳ್ಳುತ್ತದೆ. ವಾರಂಟಿ ಇದ್ದರೆ ಅವರ ಮಾತು ಮೀರಬೇಡಿ.

ದಿನದ ಕೆಲಸ

ಇದಕ್ಕೆ ಎರಡು ನಿಮಿಷ ಸಾಕು. ಕೊನೆಯ ಶಾಟ್ ಆದಮೇಲೆ ಬಿಲ್ಲೆ ತಟ್ಟಿ ಹಾಕಿ. ಪೋರ್ಟಾಫಿಲ್ಟರ್ ಇಲ್ಲದೆ ಐದು ಸೆಕೆಂಡ್ ನೀರು ಬಿಡಿ. ಒದ್ದೆ ಬಟ್ಟೆಯಿಂದ ಶವರ್ ಸ್ಕ್ರೀನನ್ನು ಒರೆಸಿ. ಬಾಸ್ಕೆಟನ್ನು ಸ್ಪ್ರಿಂಗಿನಿಂದ ಬಿಡಿಸಿ ಅಡಿಭಾಗ ತೊಳೆಯಿರಿ. ಬಹಳಷ್ಟು ಜನ ಬಾಸ್ಕೆಟನ್ನು ತೆಗೆದು ನೋಡುವುದೇ ಇಲ್ಲ, ಅದರ ಕೆಳಗೆ ಟಾರಿನಂಥ ಕಪ್ಪು ಪದರ ಕಟ್ಟಿರುತ್ತದೆ. ರಾತ್ರಿ ಪೋರ್ಟಾಫಿಲ್ಟರನ್ನು ಬಿಗಿಯಾಗಿ ಲಾಕ್ ಮಾಡಿ ಬಿಡಬೇಡಿ. ಗ್ಯಾಸ್ಕೆಟ್ (ಗ್ರೂಪಿನೊಳಗಿನ ರಬ್ಬರ್ ಬಳೆ) ಅದುಮಿಕೊಂಡೇ ಇದ್ದು ಬೇಗ ಗಟ್ಟಿಯಾಗುತ್ತದೆ.

ಒಂದು ಮಾತು ಇಲ್ಲೇ ಹೇಳಬೇಕು. ನಮ್ಮ ಫಿಲ್ಟರ್ ಕಾಫಿ ಪುಡಿಯಲ್ಲಿ ಚಿಕೋರಿ ಇದ್ದರೆ ಅದನ್ನು ಎಸ್ಪ್ರೆಸೊ ಮಷೀನಿಗೆ ಹಾಕಬೇಡಿ. ಮಿಶ್ರಣದಲ್ಲಿ 49 ಶೇಕಡಾದವರೆಗೆ ಚಿಕೋರಿ ಇರಲು ನಮ್ಮ ಕಾನೂನು ಅವಕಾಶ ಕೊಡುತ್ತದೆ. ಚಿಕೋರಿ ನೀರು ಕುಡಿದು ಉಬ್ಬಿ ಅಂಟಾಗುತ್ತದೆ. 9 ಬಾರ್ ಒತ್ತಡದಲ್ಲಿ ಬಾಸ್ಕೆಟ್ ಕಟ್ಟಿಕೊಳ್ಳುತ್ತದೆ. ಶಾಟ್ ನಿಲ್ಲಿಸಿದಾಗ ಆ ಅಂಟು ನೀರೇ ಹಿಂದಕ್ಕೆ ಎಳೆದುಕೊಂಡು ಸೊಲೆನಾಯ್ಡ್ ವಾಲ್ವಿನೊಳಗೆ ಹೋಗುತ್ತದೆ. ಚಿಕ್ಕಮಗಳೂರಿನದೋ ಕೊಡಗಿನದೋ ಶುದ್ಧ ಕಾಫಿ ಬೀಜ ತಂದು ಎಸ್ಪ್ರೆಸೊಗೆ ತಕ್ಕಂತೆ ಬೀಸಿಕೊಳ್ಳಿ.

ಜಿಡ್ಡು ತೆಗೆಯುವ ಬಗೆ

ಬೇಕಾದ ಸಾಮಾನು: ಎಸ್ಪ್ರೆಸೊ ಮಷೀನಿಗೆಂದೇ ಬರುವ ಕ್ಷಾರೀಯ ಪುಡಿ (ಕಫೀಜಾ, ಪುಲಿ ಕಾಫ್ ಮುಂತಾದವು), ತೂತಿಲ್ಲದ ಬ್ಲೈಂಡ್ ಬಾಸ್ಕೆಟ್, ಗ್ರೂಪ್ ಉಜ್ಜುವ ಬಾಗಿದ ಬ್ರಶ್, ಸ್ಕ್ರೂಡ್ರೈವರ್ ಅಥವಾ ಅಲೆನ್ ಕೀ. ಪಾತ್ರೆ ತೊಳೆಯುವ ಲಿಕ್ವಿಡ್ ಬ್ಯಾಕ್‌ಫ್ಲಶ್‌ಗೆ ಬೇಡ. ಅದರ ಸುವಾಸನೆ ಮತ್ತು ನೊರೆ ವಾಲ್ವಿನೊಳಗಿಂದ ಸುಲಭಕ್ಕೆ ಹೋಗುವುದಿಲ್ಲ.

ನೆನೆಹಾಕುವುದು: ಅರ್ಧ ಲೀಟರ್ ಬಿಸಿನೀರಿಗೆ ಒಂದು ಟೀ ಚಮಚ ಪುಡಿ. ಬಾಸ್ಕೆಟ್, ಶವರ್ ಸ್ಕ್ರೀನ್, ಪೋರ್ಟಾಫಿಲ್ಟರಿನ ಲೋಹದ ಭಾಗ ಮಾತ್ರ ಮುಳುಗಲಿ, ಹಿಡಿ ಹೊರಗಿರಲಿ. ಇಪ್ಪತ್ತು ನಿಮಿಷದಲ್ಲಿ ನೀರು ಕಡು ಕಂದು ಬಣ್ಣಕ್ಕೆ ತಿರುಗುತ್ತದೆ. ತೆಗೆದು ಉಜ್ಜಿ, ಹರಿಯುವ ನೀರಿನಲ್ಲಿ ತೊಳೆದು, ಬಾಸ್ಕೆಟನ್ನು ಬೆಳಕಿಗೆ ಹಿಡಿದು ನೋಡಿ. ಪ್ರತಿ ತೂತೂ ಬೆಳಗಬೇಕು. ಕೆಲವು ಮುಚ್ಚಿದ್ದರೆ ಮತ್ತೆ ನೆನೆಹಾಕಿ. ಸೂಜಿಯಿಂದ ಚುಚ್ಚಬೇಡಿ, ತೂತು ದೊಡ್ಡದಾದರೆ ನೀರು ಅಲ್ಲಿಯೇ ನುಗ್ಗಲು ಶುರುಮಾಡುತ್ತದೆ. ಅಲ್ಯೂಮಿನಿಯಂ ಭಾಗವಿದ್ದರೆ ಅದನ್ನು ಈ ನೀರಿಗೆ ಹಾಕಲೇಬೇಡಿ.

ಶವರ್ ಸ್ಕ್ರೀನ್ ತೆಗೆಯುವುದು: ಹೆಚ್ಚಿನ ಮಷೀನುಗಳಲ್ಲಿ ನಡುವೆ ಒಂದು ಸ್ಕ್ರೂ ಇರುತ್ತದೆ. ಇ61ರಲ್ಲಿ ಸ್ಕ್ರೂ ಇಲ್ಲ. ಅಲ್ಲಿ ಚಮಚದ ಹಿಡಿಯನ್ನು ಸ್ಕ್ರೀನಿನ ಅಂಚಿಗೆ ಕೊಟ್ಟು ಮೀಟಿದರೆ ಸ್ಕ್ರೀನ್ ಮತ್ತು ಗ್ಯಾಸ್ಕೆಟ್ ಒಟ್ಟಿಗೆ ಬರುತ್ತವೆ. ಮಷೀನ್ ಪ್ಲಗ್ ತೆಗೆದಿರಬೇಕು, ಗ್ರೂಪ್ ಉಗುರುಬೆಚ್ಚಗಿರಬೇಕು. ತಣ್ಣಗಾದ ಗ್ಯಾಸ್ಕೆಟ್ ಜಗ್ಗುವುದಿಲ್ಲ, ಬಿಸಿಯಿದ್ದರೆ ಕೈ ಸುಡುತ್ತದೆ. ಸ್ಕ್ರೀನಿನ ಹಿಂದೆ ಪುಡಿ ಕಟ್ಟಿಕೊಂಡಿದ್ದರೆ ಶಾಟ್ ಒಂದೇ ಕಡೆ ಹರಿಯುವುದಕ್ಕೆ ಕಾರಣ ಅಲ್ಲೇ ಸಿಕ್ಕಿತು. ಇದನ್ನು ತಿಂಗಳಿಗೊಮ್ಮೆ ಮಾಡಿದರೆ ಸಾಕು. ತೆಗೆದಾಗಲೇ ಗ್ಯಾಸ್ಕೆಟನ್ನು ಉಗುರಿನಿಂದ ಒತ್ತಿ ನೋಡಿ. ಮೆತ್ತಗೆ ಒಳಹೋದರೆ ಸರಿ. ಕಲ್ಲಿನಂತಾಗಿದ್ದರೆ, ಇಲ್ಲವೇ ಪೋರ್ಟಾಫಿಲ್ಟರಿನ ಹಿಡಿ ಮೊದಲಿಗಿಂತ ತುಂಬ ಬಲಕ್ಕೆ ಹೋಗುತ್ತಿದ್ದರೆ ಹೊಸದು ಹಾಕಿ. ಕೊಳ್ಳುವಾಗ ವ್ಯಾಸದ ಜೊತೆಗೆ ದಪ್ಪವನ್ನೂ ಅಳೆಯಿರಿ. ಅರ್ಧ ಮಿಲಿಮೀಟರ್ ವ್ಯತ್ಯಾಸವಾದರೂ ಹಿಡಿ ಲಾಕ್ ಆಗುವ ಜಾಗವೇ ಬದಲಾಗುತ್ತದೆ.

ಬ್ಯಾಕ್‌ಫ್ಲಶ್: ಮಷೀನ್ ಪೂರ್ತಿ ಬಿಸಿಯಾಗಿರಲಿ.

1. ಬ್ಲೈಂಡ್ ಬಾಸ್ಕೆಟಿಗೆ 3 ಗ್ರಾಂ, ಅಂದರೆ ಅರ್ಧ ಟೀ ಚಮಚ ಪುಡಿ ಹಾಕಿ, ಪೋರ್ಟಾಫಿಲ್ಟರ್ ಲಾಕ್ ಮಾಡಿ.
2. ಪಂಪ್ 10 ಸೆಕೆಂಡ್ ಓಡಿಸಿ. ಒತ್ತಡ ಕಟ್ಟಿದಾಗ ಪಂಪಿನ ಸದ್ದು ಅದುಮಿದಂತಾಗುತ್ತದೆ.
3. ನಿಲ್ಲಿಸಿ. ಕಂದು ನೊರೆ ಡ್ರಿಪ್ ಟ್ರೇಗೆ ಚಿಮ್ಮುತ್ತದೆ. 10 ಸೆಕೆಂಡ್ ಕಾಯಿರಿ. ಹೀಗೆ ಐದು ಸಲ.
4. ಪೋರ್ಟಾಫಿಲ್ಟರ್ ತೆಗೆದು, ನೀರು ಬಿಡುತ್ತಾ ಬ್ರಶ್‌ನಿಂದ ಗ್ಯಾಸ್ಕೆಟಿನ ಸುತ್ತ ಉಜ್ಜಿ.
5. ಪುಡಿ ಇಲ್ಲದೆ, ಬರೀ ನೀರಿನಲ್ಲಿ ಇದೇ ಕ್ರಮ ಐದು ಸಲ. ಟ್ರೇಗೆ ಬೀಳುವ ನೀರು ಬಣ್ಣವಿಲ್ಲದೆ, ನೊರೆಯಿಲ್ಲದೆ ಬರಬೇಕು.
6. ಒಂದು ಶಾಟ್ ಎಳೆದು ಚೆಲ್ಲಿ.

ದಿನಕ್ಕೆ ಎರಡು ಮೂರು ಕಪ್ ಮಾಡುವ ಮನೆಗೆ ಪುಡಿ ಹಾಕಿ ಎರಡು ವಾರಕ್ಕೊಮ್ಮೆ, ಬರೀ ನೀರಿನಲ್ಲಿ ವಾರಕ್ಕೊಮ್ಮೆ ಮಾಡಿದರೆ ಸಾಕು. ಇ61 ಇದ್ದವರು ಪುಡಿಯ ಬಳಕೆಯನ್ನು ತಿಂಗಳಿಗೊಮ್ಮೆಗೆ ಇಳಿಸಿ. ಲಿವರಿನ ಕ್ಯಾಮಿಗೆ ಹಚ್ಚಿದ ಗ್ರೀಸನ್ನೂ ಡಿಟರ್ಜೆಂಟ್ ತೊಳೆದುಹಾಕುತ್ತದೆ. ಲಿವರ್ ಕಿರುಗುಟ್ಟತೊಡಗಿದರೆ ಆಹಾರ ದರ್ಜೆಯ ಸಿಲಿಕಾನ್ ಗ್ರೀಸ್ ಹಚ್ಚುವ ಹೊತ್ತು ಬಂದಿದೆ ಎಂದು ತಿಳಿಯಿರಿ. ಬ್ಯಾಕ್‌ಫ್ಲಶ್ ಮಾಡಲಾಗದ ಮಷೀನಿನಲ್ಲಿ ಸ್ಕ್ರೀನ್ ಬಿಚ್ಚಿ ನೆನೆಹಾಕುವುದೇ ದಾರಿ. ಅದನ್ನು ಎರಡು ವಾರಕ್ಕೊಮ್ಮೆ ಮಾಡಿ.

ಸ್ಟೀಮ್ ಕೊಳವೆ

ಹಾಲು ಕಾಯಿಸಿದ ಕೂಡಲೇ ಒದ್ದೆ ಬಟ್ಟೆ ಸುತ್ತಿ ಒರೆಸಿ, ಎರಡು ಮೂರು ಸೆಕೆಂಡ್ ಹಬೆ ಬಿಡಿ. ಕ್ರಮ ಇದೇ ಇರಲಿ, ಮೊದಲು ಒರೆಸುವುದು, ಆಮೇಲೆ ಹಬೆ. ಕೊಳವೆ ತಣ್ಣಗಾಗುವಾಗ ಒಳಗಿನ ಹಬೆ ಕುಗ್ಗಿ ನಿರ್ವಾತವಾಗುತ್ತದೆ, ತುದಿಯಲ್ಲಿದ್ದ ಹಾಲು ಮೇಲಕ್ಕೆ ಎಳೆದುಕೊಳ್ಳುತ್ತದೆ. ಒಮ್ಮೆ ಒಳಗೆ ಹೋದ ಹಾಲು ಅಲ್ಲೇ ಬೆಂದು ಅಂಟುತ್ತದೆ, ಆಮೇಲೆ ಹಬೆಯಲ್ಲೇ ಹುಳಿ ವಾಸನೆ. ಹೊರಗೆ ಒಣಗಿ ಗಟ್ಟಿಯಾಗಿದ್ದರೆ ಕೆರೆಯಬೇಡಿ. ಲೋಟದಲ್ಲಿ ಬಿಸಿನೀರಿಟ್ಟು ಕೊಳವೆಯನ್ನು ಹತ್ತು ನಿಮಿಷ ಅದ್ದಿ, ತೆಗೆದು ಒರೆಸಿ, ಮತ್ತೆ ಹಬೆ ಬಿಡಿ. ಅದ್ದಿರುವಾಗ ಮಷೀನ್ ಆರಿಸಬೇಡಿ, ಮೇಲೆ ಹೇಳಿದ ನಿರ್ವಾತವೇ ಲೋಟದ ನೀರನ್ನೂ ಎಳೆಯುತ್ತದೆ. ತಿಂಗಳಿಗೊಮ್ಮೆ ತುದಿಯನ್ನು ಬಿಚ್ಚಿ ತೂತುಗಳನ್ನು ಪಿನ್ನಿನಿಂದ ಬಿಡಿಸಿ. ಇಲ್ಲಿ ಪಿನ್ ಪರವಾಗಿಲ್ಲ, ಬಾಸ್ಕೆಟಿನ ತೂತಿನಷ್ಟು ನಾಜೂಕಲ್ಲ.

ಸುಣ್ಣ ಎಲ್ಲಿಂದ ಬರುತ್ತದೆ, ಎಷ್ಟು ಬರುತ್ತದೆ

ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ ಬೈಕಾರ್ಬನೇಟ್ ಕಾಯಿಸಿದಾಗ ಒಡೆದು, ಇಂಗಾಲದ ಡೈಆಕ್ಸೈಡ್ ಹಾರಿಹೋಗಿ, ಕ್ಯಾಲ್ಸಿಯಂ ಕಾರ್ಬೊನೇಟ್ ಉಳಿಯುತ್ತದೆ. ಗೀಸರಿನ ರಾಡ್ ಬಿಚ್ಚಿದಾಗ ಉದುರುವ ಬಿಳಿ ಹಕ್ಕಳೆ ಅದೇ. ಎಸ್ಪ್ರೆಸೊ ಮಷೀನಿನಲ್ಲಿ ಅದಕ್ಕೆ ಎರಡು ಕೆಟ್ಟ ಪರಿಣಾಮ. ಕಾಯಿಸುವ ರಾಡಿನ ಮೇಲೆ ಕೂತರೆ ಬಿಸಿ ನೀರಿಗೆ ಸರಿಯಾಗಿ ಇಳಿಯದೆ ರಾಡೇ ಕಾದು ಸುಡುತ್ತದೆ. ತೆಳ್ಳಗಿನ ದಾರಿಯಲ್ಲಿ ಕೂತರೆ ಹರಿವು ಕುಗ್ಗುತ್ತದೆ. ಥರ್ಮೋಬ್ಲಾಕಿನಲ್ಲಿ ನೀರಿನ ದಾರಿ ಮೊದಲೇ ಕಿರಿದು, ಆದ್ದರಿಂದ ಬಾಯ್ಲರ್ ಮಷೀನಿಗಿಂತ ಬೇಗ ತೊಂದರೆ ಕಾಣುತ್ತದೆ.

ಸ್ಟೀಮ್ ಬಾಯ್ಲರಿನದು ಇನ್ನೂ ಒಂದು ಕಥೆ. ಹಬೆಯಾಗಿ ಹೊರಹೋಗುವುದು ಬರೀ ನೀರು, ಲವಣವೆಲ್ಲ ಒಳಗೇ ಉಳಿಯುತ್ತದೆ. ಮತ್ತೆ ನೀರು ತುಂಬುತ್ತದೆ, ಮತ್ತೆ ಹಬೆಯಾಗುತ್ತದೆ, ಲವಣ ದಟ್ಟವಾಗುತ್ತಲೇ ಹೋಗುತ್ತದೆ. ಹೀಟ್ ಎಕ್ಸ್‌ಚೇಂಜರ್ (ಸ್ಟೀಮ್ ಬಾಯ್ಲರಿನೊಳಗೆ ಹಾದುಹೋಗುವ ಕೊಳವೆಯಲ್ಲೇ ಕಾಫಿಯ ನೀರು ಕಾಯುವ ಬಗೆ) ಅಥವಾ ಎರಡು ಬಾಯ್ಲರ್ ಮಷೀನ್ ಇದ್ದವರು ದಿನಾ ಬಿಸಿನೀರಿನ ನಲ್ಲಿಯಿಂದ ಒಂದು ಲೋಟ ನೀರು ಬಿಟ್ಟು ಚೆಲ್ಲಿದರೆ ಈ ದಟ್ಟಣೆ ತಪ್ಪುತ್ತದೆ. ಖರ್ಚಿಲ್ಲದ ಈ ಒಂದು ಅಭ್ಯಾಸ ಬಾಯ್ಲರಿನ ಆಯಸ್ಸನ್ನು ನಿಜಕ್ಕೂ ಹೆಚ್ಚಿಸುತ್ತದೆ.

ಲೆಕ್ಕ ಹಾಕಿ ನೋಡಿ. ನಿಮ್ಮ ನೀರಿನ ಗಡಸುತನ 300 ಪಿಪಿಎಂ (ಲೀಟರಿಗೆ 300 ಮಿಲಿಗ್ರಾಂ), ದಿನಕ್ಕೆ ಅರ್ಧ ಲೀಟರ್ ಮಷೀನಿಗೆ ಹೋಗುತ್ತದೆ ಎಂದುಕೊಳ್ಳೋಣ. ದಿನಕ್ಕೆ 150 ಮಿಲಿಗ್ರಾಂ, ತಿಂಗಳಿಗೆ 4.5 ಗ್ರಾಂ ಸುಣ್ಣದ ಸಾಮಗ್ರಿ ಒಳಗೆ ಹೋಯಿತು. ಎಲ್ಲವೂ ಅಂಟುವುದಿಲ್ಲ, ಬಹುಪಾಲು ಕಪ್ಪಿಗೇ ಹೋಗುತ್ತದೆ. ಆದರೆ ಕಾಲುಭಾಗ ಅಂಟಿದರೂ ವರ್ಷಕ್ಕೆ 13 ಗ್ರಾಂ ಮೀರುತ್ತದೆ. ಸಿಲ್ವಿಯಾದಂಥ 300 ಮಿಲಿಲೀಟರ್ ಬಾಯ್ಲರಿಗೆ ಅದು ಕಡಿಮೆಯಲ್ಲ.

ಕುಡಿಯುವ ನೀರಿಗೆ ಭಾರತೀಯ ಮಾನಕವಾದ ಐಎಸ್ 10500 ಒಪ್ಪುವ ಗಡಸುತನ ಲೀಟರಿಗೆ 200 ಮಿಲಿಗ್ರಾಂ, ಬೇರೆ ಮೂಲ ಇಲ್ಲದಿದ್ದರೆ 600ರವರೆಗೆ. ಅದು ಮನುಷ್ಯರ ಹೊಟ್ಟೆಗೆ ಹಾಕಿದ ಗೆರೆ, ಬಾಯ್ಲರಿಗಲ್ಲ. ಮಷೀನಿಗೆ 100ಕ್ಕಿಂತ ಕೆಳಗಿದ್ದರೆ ಒಳ್ಳೆಯದು. ಮಲೆನಾಡಿನ, ಕೊಡಗಿನ ತೆರೆದ ಬಾವಿಯ ನೀರು ಸಾಮಾನ್ಯವಾಗಿ ಮೆದು. ಕೋಲಾರ, ತುಮಕೂರು ಕಡೆಯ ಬಯಲುಸೀಮೆಯ ಕೊಳವೆಬಾವಿ ನೀರು ಬಹಳ ಗಡಸು. ಬೆಂಗಳೂರಿನಲ್ಲಿ ಒಂದೇ ಅಪಾರ್ಟ್‌ಮೆಂಟಿನ ಸಂಪಿಗೆ ಒಂದು ದಿನ ಕಾವೇರಿ, ಇನ್ನೊಂದು ದಿನ ಟ್ಯಾಂಕರ್ ನೀರು ಬರುತ್ತದೆ. ಹಾಗಾಗಿ ಒಮ್ಮೆ ಅಳೆದು ಸುಮ್ಮನಾಗುವಂತಿಲ್ಲ.

ಅಳೆಯುವುದಕ್ಕೆ ಟಿಡಿಎಸ್ ಮೀಟರ್ ನಂಬಬೇಡಿ. ಅದು ಅಡುಗೆ ಉಪ್ಪನ್ನೂ ಸುಣ್ಣವನ್ನೂ ಒಂದೇ ಎಂದು ಎಣಿಸುತ್ತದೆ. ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಜಿಎಚ್, ಕೆಎಚ್ ಹನಿ ಪರೀಕ್ಷೆಯ ಕಿಟ್ ಸಾಕು. ಐದು ಮಿಲಿಲೀಟರ್ ನೀರಿಗೆ ಒಂದೊಂದೇ ಹನಿ ಹಾಕಿ ಅಲ್ಲಾಡಿಸಿ, ಬಣ್ಣ ತಿರುಗುವವರೆಗೆ ಎಣಿಸಿ. ಒಂದು ಹನಿಗೆ ಒಂದು ಜರ್ಮನ್ ಡಿಗ್ರಿ, ಅಂದರೆ 17.8 ಪಿಪಿಎಂ. ಜಿಎಚ್ ಒಟ್ಟು ಗಡಸುತನ, ಕೆಎಚ್ ಬೈಕಾರ್ಬನೇಟಿನ ಪಾಲು. ಎರಡೂ ಹೆಚ್ಚಿದ್ದರೆ ಸುಣ್ಣ ಕಟ್ಟುವುದು ಖಚಿತ.

ಯಾವಾಗ ಡೀಸ್ಕೇಲ್ ಮಾಡಬೇಕು

ಕ್ಯಾಲೆಂಡರ್ ನೋಡಿ ಮಾಡುವುದು ಸರಿಯಲ್ಲ. ಮಷೀನಿನ ಮೇಲೆ ಹತ್ತುವ ಡೀಸ್ಕೇಲ್ ದೀಪವೂ ಸುಣ್ಣವನ್ನು ನೋಡಿ ಹತ್ತುವುದಿಲ್ಲ. ಎಷ್ಟು ನೀರು ಹರಿದಿದೆ ಎಂದು ಎಣಿಸಿ ಹತ್ತುತ್ತದೆ. ನೀರಿನ ಗಡಸುತನವನ್ನು ಸೆಟ್ಟಿಂಗಿನಲ್ಲಿ ನಮೂದಿಸಿದ್ದರೆ ಮಾತ್ರ ಅದರ ಮಾತಿಗೆ ಬೆಲೆ.

ಇದಕ್ಕಿಂತ ಖಾತ್ರಿಯಾದ ಉಪಾಯ ತಕ್ಕಡಿ. ಮಷೀನ್ ಹೊಸದಿದ್ದಾಗ, ಇಲ್ಲವೇ ಈಗ ಡೀಸ್ಕೇಲ್ ಮಾಡಿ ಮುಗಿಸಿದ ಮೇಲೆ, ಪೋರ್ಟಾಫಿಲ್ಟರ್ ಹಾಕದೆ 30 ಸೆಕೆಂಡ್ ಪಂಪ್ ಓಡಿಸಿ ಬಿದ್ದ ನೀರನ್ನು ತೂಗಿ. ಆ ಗ್ರಾಂ ಸಂಖ್ಯೆಯನ್ನು ಮಷೀನಿನ ಹಿಂಬದಿಗೆ ಅಂಟಿಸಿ. ತಿಂಗಳಿಗೊಮ್ಮೆ ಅಳೆಯಿರಿ. ಶವರ್ ಸ್ಕ್ರೀನ್ ಸ್ವಚ್ಛವಿದ್ದೂ ತೂಕ ಕಾಲುಭಾಗ ಇಳಿದಿದ್ದರೆ ಸುಣ್ಣ ಕಟ್ಟಿದೆ. ಬಿಸಿಯಾಗಲು ಮೊದಲಿಗಿಂತ ಹೆಚ್ಚು ಹೊತ್ತು, ಹಬೆಯ ಬಲ ಕಡಿಮೆ, ಕಪ್ಪಿನಲ್ಲಿ ಬಿಳಿ ಕಣ, ಇವೂ ಗುರುತುಗಳೇ. ಆದರೆ ಇವು ಕಾಣುವ ಹೊತ್ತಿಗೆ ಸ್ವಲ್ಪ ತಡವಾಗಿರುತ್ತದೆ.

ಹುಳಿ ಯಾವುದು?

ಮ್ಯಾನ್ಯುಯಲಿನಲ್ಲಿ ಹೇಳಿದ ಡೀಸ್ಕೇಲರ್ ಇದ್ದರೆ ಅದೇ ಆಗಲಿ. ಲ್ಯಾಕ್ಟಿಕ್ ಆಸಿಡ್ ಇರುವ ದ್ರಾವಣಗಳು ರಬ್ಬರಿಗೂ ಲೋಹಕ್ಕೂ ಸೌಮ್ಯ. ಅದು ಸಿಗದಿದ್ದರೆ ಆಹಾರ ದರ್ಜೆಯ ಸಿಟ್ರಿಕ್ ಆಸಿಡ್, ದಿನಸಿ ಅಂಗಡಿಯ ನಿಂಬೆ ಉಪ್ಪು, ಚೆನ್ನಾಗಿ ಕೆಲಸ ಮಾಡುತ್ತದೆ. ಒಂದು ಲೀಟರ್ ನೀರಿಗೆ 20 ಗ್ರಾಂ. ಅಲ್ಯೂಮಿನಿಯಂ ಇದ್ದರೆ 10 ಗ್ರಾಂ. 20 ಗ್ರಾಂ ಸಿಟ್ರಿಕ್ ಆಸಿಡ್ ಹೆಚ್ಚೆಂದರೆ 15 ಗ್ರಾಂ ಆಸುಪಾಸು ಸುಣ್ಣ ಕರಗಿಸಬಲ್ಲದು. ವರ್ಷಗಟ್ಟಲೆ ಬಿಟ್ಟ ಮಷೀನಿಗೆ ಒಂದು ಲೀಟರ್ ಏಕೆ ಸಾಲದು ಎಂಬುದು ಇದರಿಂದಲೇ ಗೊತ್ತಾಗುತ್ತದೆ. ಹಾಗೆಂದು ಒಂದೇ ಲೀಟರಿಗೆ 60 ಗ್ರಾಂ ಸುರಿಯಬೇಡಿ, ಕುದಿಯುವಷ್ಟು ಬಿಸಿಯೂ ಮಾಡಬೇಡಿ. ದಟ್ಟವಾದ ಬಿಸಿ ದ್ರಾವಣದಲ್ಲಿ ಕ್ಯಾಲ್ಸಿಯಂ ಸಿಟ್ರೇಟ್ ಎಂಬ ಬಿಳಿ ಮರಳು ಉಂಟಾಗುತ್ತದೆ. ಅದು ಬಿಸಿಯಲ್ಲಿ ಇನ್ನೂ ಕಡಿಮೆ ಕರಗುತ್ತದೆ, ಸುಣ್ಣ ಬಿಡಿಸಲು ಹೋಗಿ ಬೇರೆ ಕಲ್ಲು ಕಟ್ಟಿಸಿದಂತಾಗುತ್ತದೆ.

ವಿನೆಗರ್ ಬೇಡ. ಅದರ ಶಕ್ತಿ ಕಡಿಮೆ, ವಾಸನೆ ವಾರಗಟ್ಟಲೆ ಹೋಗುವುದಿಲ್ಲ, ರಬ್ಬರ್ ಸೀಲುಗಳಿಗೂ ಒಳ್ಳೆಯದಲ್ಲ. ಟಾಯ್ಲೆಟ್ ಆಸಿಡ್ಡಿನ ಯೋಚನೆಯನ್ನೇ ಮಾಡಬೇಡಿ. ಯಾವುದೇ ಹುಳಿಯನ್ನು ಬ್ಲೀಚ್ ಜೊತೆ ಬೆರೆಸಬೇಡಿ, ವಿಷಾನಿಲ ಬರುತ್ತದೆ.

ಅಡುಗೆಕಟ್ಟೆಯ ಕಲ್ಲನ್ನೂ ನೋಡಿಕೊಳ್ಳಿ. ಕಡಪ, ಶಹಾಬಾದ್ ಕಲ್ಲು ಮತ್ತು ಮಾರ್ಬಲ್ ಮೂರೂ ಸುಣ್ಣದ ಜಾತಿಯವು. ಒಂದು ಹನಿ ಹುಳಿನೀರು ಬಿದ್ದು ಐದು ನಿಮಿಷ ನಿಂತರೆ ಹೊಳಪು ಹೋಗಿ ಕಲೆ ಉಳಿಯುತ್ತದೆ, ಮತ್ತೆ ಪಾಲಿಶ್ ಮಾಡಿಸಬೇಕು. ಮಷೀನಿನ ಕೆಳಗೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ ಹಳೆ ಟವೆಲ್ ಹಾಸಿ.

ಡೀಸ್ಕೇಲ್ ಮಾಡುವ ಕ್ರಮ

ಇಲ್ಲಿ ಹೇಳುತ್ತಿರುವುದು ಒಂದೇ ಬಾಯ್ಲರಿನ ಅಥವಾ ಥರ್ಮೋಬ್ಲಾಕಿನ, ಪಂಪನ್ನು ನಾವೇ ಒತ್ತಿ ನಡೆಸುವ ಮಷೀನಿಗೆ. ಡೀಸ್ಕೇಲ್ ಪ್ರೋಗ್ರಾಂ ಇರುವ ಮಷೀನಾದರೆ ಅದರ ಕ್ರಮವನ್ನೇ ಕೊನೆಯವರೆಗೂ ನಡೆಸಿ, ತೊಳೆಯುವ ಹಂತವನ್ನು ಮಧ್ಯೆ ಬಿಟ್ಟರೆ ದೀಪ ಆರುವುದಿಲ್ಲ. ಒಂದೂವರೆ ಗಂಟೆ ಬಿಡುವು ಮಾಡಿಕೊಳ್ಳಿ.

1. ಮಷೀನ್ ತಣ್ಣಗಿರಲಿ, ಪ್ಲಗ್ ತೆಗೆದಿರಲಿ. ಶವರ್ ಸ್ಕ್ರೀನ್ ಮತ್ತು ಸ್ಟೀಮ್ ತುದಿ ಬಿಚ್ಚಿಡಿ. ಬಿಟ್ಟುಕೊಂಡ ಹಕ್ಕಳೆ ಅವುಗಳಲ್ಲಿ ಸಿಕ್ಕಿಕೊಳ್ಳದಿರಲಿ ಎಂಬುದೇ ಉದ್ದೇಶ.

2. ಟ್ಯಾಂಕಿನಲ್ಲಿರುವ ಫಿಲ್ಟರ್ ಚೀಲ ಅಥವಾ ಕಾರ್ಟ್ರಿಜ್ ತೆಗೆಯಿರಿ. ಮರೆತರೆ ಹುಳಿಗೆ ಫಿಲ್ಟರಿನ ರೆಸಿನ್ ಹಾಳಾಗುತ್ತದೆ, ಅದು ಹಿಡಿದಿಟ್ಟಿದ್ದ ಕ್ಯಾಲ್ಸಿಯಂ ಕೂಡ ನೀರಿಗೆ ವಾಪಸ್ ಬರುತ್ತದೆ.

3. ಸಿಟ್ರಿಕ್ ಆಸಿಡನ್ನು ಬೇರೆ ಪಾತ್ರೆಯಲ್ಲಿ ಉಗುರುಬೆಚ್ಚಗಿನ, ಸುಮಾರು 40 ಡಿಗ್ರಿ ನೀರಿನಲ್ಲಿ ಪೂರ್ತಿ ಕರಗಿಸಿ, ಆಮೇಲೆ ಟ್ಯಾಂಕಿಗೆ ಸುರಿಯಿರಿ. ಕರಗದ ಹರಳು ಪಂಪಿಗೆ ಹೋಗಬಾರದು.

4. ಪ್ಲಗ್ ಹಾಕಿ ಆನ್ ಮಾಡಿ, ಕಾಯುವ ಮೊದಲೇ ಗ್ರೂಪಿನಿಂದ 150 ಮಿಲಿಲೀಟರ್, ಸ್ಟೀಮ್ ಅಥವಾ ಬಿಸಿನೀರಿನ ಕೊಳವೆಯಿಂದ 150 ಮಿಲಿಲೀಟರ್ ಬಿಡಿ. ಈಗ ಬಾಯ್ಲರ್ ಹುಳಿನೀರಿನಿಂದ ತುಂಬಿದೆ. ಆಫ್ ಮಾಡಿ.

5. 15 ನಿಮಿಷ ಬಿಡಿ. ಅಲ್ಯೂಮಿನಿಯಂ ಇದ್ದರೆ 8-10 ನಿಮಿಷ ಸಾಕು. ರಾತ್ರಿಯಿಡೀ ಬಿಟ್ಟರೆ ಹೆಚ್ಚು ಸ್ವಚ್ಛವಾಗುತ್ತದೆ ಎಂಬ ನಂಬಿಕೆ ತಪ್ಪು. ಸುಣ್ಣ ಮುಗಿದ ಮೇಲೆ ಹುಳಿ ಲೋಹವನ್ನು ತಿನ್ನತೊಡಗುತ್ತದೆ.

6. ಮತ್ತೆ ಎರಡೂ ಕಡೆಯಿಂದ 100-150 ಮಿಲಿಲೀಟರ್ ಬಿಡಿ, ಮತ್ತೆ 15 ನಿಮಿಷ ಕಾಯಿರಿ. ಟ್ಯಾಂಕ್ ಮುಗಿಯುವವರೆಗೆ ಹೀಗೇ ಮೂರು ಸುತ್ತು. ಮನೆಯ ಮಷೀನುಗಳ ವೈಬ್ರೇಷನ್ ಪಂಪ್ ಬೇಗ ಕಾಯುತ್ತದೆ. ಒಂದೇ ಸಮನೆ ಒಂದು ನಿಮಿಷಕ್ಕಿಂತ ಹೆಚ್ಚು ಓಡಿಸಬೇಡಿ, ನಡುವೆ ಒಂದು ನಿಮಿಷ ಬಿಡುವು ಕೊಡಿ. ಟ್ಯಾಂಕ್ ಬರಿದಾಗಿ ಪಂಪ್ ಒಣಗಿ ಓಡಬಾರದು.

7. ಹೊರಬಂದ ನೀರನ್ನು ಬಿಳಿ ಬಟ್ಟಲಿನಲ್ಲಿ ಹಿಡಿದು ನೋಡಿ. ಮೊದಲ ಸುತ್ತಿನಲ್ಲಿ ಮಬ್ಬು, ಕೆಲವೊಮ್ಮೆ ಬಿಳಿ ಚೂರು. ತಾಮ್ರ, ಹಿತ್ತಾಳೆ ಇದ್ದರೆ ಹಸಿರುನೀಲಿ ಛಾಯೆ. ಬಣ್ಣ ತೆಳುವಾಗಿದ್ದರೆ ಗಾಬರಿ ಬೇಡ, ಆದರೆ ಆ ನೀರು ಬಾಯಿಗೆ ಹೋಗಬಾರದು. ಬಣ್ಣ ಗಾಢವಾಗುತ್ತಾ ಹೋದರೆ ಹುಳಿ ಲೋಹಕ್ಕೇ ಇಳಿದಿದೆ, ಕೂಡಲೇ ತೊಳೆಯುವ ಹಂತಕ್ಕೆ ಹೋಗಿ.

8. ಟ್ಯಾಂಕನ್ನು ಚೆನ್ನಾಗಿ ತೊಳೆದು ಹೊಸ ನೀರು ತುಂಬಿ. ಕನಿಷ್ಠ ಎರಡು ಟ್ಯಾಂಕ್ ನೀರು ಗ್ರೂಪ್ ಮತ್ತು ಕೊಳವೆ ಎರಡರಿಂದಲೂ ಹೋಗಬೇಕು. ಮೊದಲ ಟ್ಯಾಂಕ್ ತಣ್ಣಗೆ, ಎರಡನೆಯದು ಮಷೀನ್ ಬಿಸಿ ಮಾಡಿ. ಸೊಲೆನಾಯ್ಡ್ ಇದ್ದರೆ ಬ್ಲೈಂಡ್ ಬಾಸ್ಕೆಟ್ ಹಾಕಿ ಬರೀ ನೀರಿನಲ್ಲಿ ನಾಲ್ಕೈದು ಸಲ ಬ್ಯಾಕ್‌ಫ್ಲಶ್ ಮಾಡಿ, ವಾಲ್ವಿನ ಹೊರದಾರಿಯಲ್ಲಿ ನಿಂತ ಹುಳಿ ಬೇರೆ ಯಾವ ರೀತಿಯಲ್ಲೂ ಹೋಗುವುದಿಲ್ಲ.

9. ಹುಳಿ ಉಳಿದಿದೆಯೇ ಎಂದು ಎರಡು ಹಂತದಲ್ಲಿ ನೋಡಿ. ಹೊರಬಂದ ನೀರಿಗೆ ಒಂದು ಚಿಟಿಕೆ ಅಡುಗೆ ಸೋಡಾ ಹಾಕಿ. ಬುರುಗು ಎದ್ದರೆ ಇನ್ನೂ ಬಹಳ ಇದೆ. ಏಳದಿದ್ದರೆ ಪಿಎಚ್ ಪಟ್ಟಿಯನ್ನು ಆ ನೀರಿಗೂ ಟ್ಯಾಂಕಿನ ನೀರಿಗೂ ಅದ್ದಿ, ಎರಡರ ಬಣ್ಣವೂ ಒಂದೇ ಆಗಬೇಕು. ಅಲ್ಲಿಯವರೆಗೆ ತೊಳೆಯಿರಿ.

10. ಸ್ಕ್ರೀನ್, ತುದಿ ಮತ್ತೆ ಹಾಕಿ. 30 ಸೆಕೆಂಡ್ ಹರಿವನ್ನು ತೂಗಿ ಬರೆದಿಟ್ಟುಕೊಳ್ಳಿ. ಮೊದಲ ಶಾಟ್ ಚೆಲ್ಲಿ.

ತೂಕ ಇನ್ನೂ ಕಡಿಮೆಯೇ ಇದ್ದರೆ ಅದೇ ದಿನ ಮತ್ತೆ ಮಾಡಬೇಡಿ. ಒಂದು ವಾರ ಬಳಸಿ, ಸಡಿಲಾದದ್ದು ಹೊರಬರಲಿ, ಆಮೇಲೆ ಇನ್ನೊಂದು ಸುತ್ತು. ಮೂರು ನಾಲ್ಕು ವರ್ಷ ಗಡಸು ನೀರು ಕುಡಿದು ಒಮ್ಮೆಯೂ ಡೀಸ್ಕೇಲ್ ಆಗದ ಮಷೀನಿಗೆ ಮನೆಯಲ್ಲಿ ಹುಳಿ ಹಾಕುವುದು ನಮ್ಮ ಅಭಿಪ್ರಾಯದಲ್ಲಿ ಜಾಣತನವಲ್ಲ. ದಪ್ಪ ಪದರ ಕರಗುವುದಕ್ಕಿಂತ ಹೆಚ್ಚಾಗಿ ಕಿತ್ತು ಬರುತ್ತದೆ. ಬಾಯ್ಲರ್ ಬಿಚ್ಚಿ ತೊಳೆಯಬಲ್ಲ ಮೆಕ್ಯಾನಿಕ್ ಬಳಿ ಒಯ್ಯಿರಿ.

ಏನೇನು ಎಡವಟ್ಟಾಗುತ್ತದೆ

ಪಂಪ್ ಸದ್ದು ಮಾಡುತ್ತದೆ, ನೀರು ಬರುವುದಿಲ್ಲ: ಟ್ಯಾಂಕ್ ಬರಿದಾದಾಗ ಗಾಳಿ ಸಿಕ್ಕಿಕೊಂಡಿದೆ. ಸ್ಟೀಮ್ ಅಥವಾ ಬಿಸಿನೀರಿನ ನಲ್ಲಿ ಪೂರ್ತಿ ತೆರೆದು ಪಂಪ್ ಓಡಿಸಿ, ಒತ್ತಡವಿಲ್ಲದ ದಾರಿ ಸಿಕ್ಕರೆ ಗಾಳಿ ಹೋಗುತ್ತದೆ. ಹೋಗದಿದ್ದರೆ ಸೂಜಿಯಿಲ್ಲದ ಸಿರಿಂಜಿನಿಂದ ಟ್ಯಾಂಕಿನ ಹೀರುಕೊಳವೆಗೆ ನೀರು ಒತ್ತಿ.

ಗ್ರೂಪಿನಿಂದ ತೊಟ್ಟಿಕ್ಕುತ್ತಲೇ ಇರುತ್ತದೆ: ಸುಣ್ಣದ ಚೂರು ಸೊಲೆನಾಯ್ಡಿನ ಸೀಟಿನಲ್ಲಿ ಕೂತು ವಾಲ್ವ್ ಮುಚ್ಚುತ್ತಿಲ್ಲ. ನೀರಿನಲ್ಲಿ ಹತ್ತು ಸಲ ಬ್ಯಾಕ್‌ಫ್ಲಶ್ ಮಾಡಿದರೆ ಎಷ್ಟೋ ಸಲ ಹೊರಟುಹೋಗುತ್ತದೆ. ಆಗದಿದ್ದರೆ ವಾಲ್ವ್ ಬಿಚ್ಚಿ ತೊಳೆಯಬೇಕು. ವಿದ್ಯುತ್ ಕೆಲಸ ಗೊತ್ತಿಲ್ಲದವರು ಬೇರೆಯವರಿಂದ ಮಾಡಿಸಿ.

ಹಿಂದೆ ಇಲ್ಲದ ಸೋರಿಕೆ ಶುರುವಾಯಿತು: ಹಳೆಯ ಓ-ರಿಂಗ್ (ಸಂದು ಮುಚ್ಚುವ ರಬ್ಬರ್ ಉಂಗುರ) ಮೊದಲೇ ಸವೆದಿತ್ತು, ಸುಣ್ಣ ಸಂದನ್ನು ಮುಚ್ಚಿತ್ತು. ರಿಂಗ್ ಬದಲಿಸಿ.

ಕಾಫಿ ಹುಳಿಯಾಗಿದೆ: ತೊಳೆದದ್ದು ಸಾಲದು. ಇನ್ನೊಂದು ಟ್ಯಾಂಕ್ ನೀರು ಬಿಡಿ. ಆಗಲೂ ಹುಳಿಯೇ ಇದ್ದರೆ ಬೀಸುವ ಹದ ನೋಡಿ. ಸುಣ್ಣ ಹೋದಮೇಲೆ ಹರಿವು ಹೆಚ್ಚುವುದರಿಂದ ಹಳೆಯ ಹದದಲ್ಲಿ ಶಾಟ್ ಬೇಗ ಓಡಬಹುದು, ಒಂದು ಹೆಜ್ಜೆ ನುಣ್ಣಗೆ ಮಾಡಿ.

ಮುಂದೆ ಯಾವ ನೀರು ಹಾಕಬೇಕು

ಇಷ್ಟೆಲ್ಲ ಮಾಡಿ ಮತ್ತೆ ಕೊಳವೆಬಾವಿ ನೀರನ್ನೇ ತುಂಬಿದರೆ ಪ್ರಯೋಜನವಿಲ್ಲ. ಮಷೀನಿನ ಆಯಸ್ಸನ್ನು ನಿರ್ಧರಿಸುವುದು ಟ್ಯಾಂಕಿಗೆ ಸುರಿಯುವ ನೀರು, ಡೀಸ್ಕೇಲರ್ ಅಲ್ಲ.

ಮನೆಯಲ್ಲಿ ಆರ್‌ಒ ಇದ್ದರೆ ಅರ್ಧ ಕೆಲಸ ಆಗಿದೆ. ಆದರೆ ಬರೀ ಆರ್‌ಒ ನೀರಿನಲ್ಲಿ ಲವಣ ತೀರಾ ಕಡಿಮೆ. ಕಾಫಿ ಹುಳಿಯಾಗಿ ಚುಚ್ಚುತ್ತದೆ, ಲೋಹ ನಿಧಾನಕ್ಕೆ ಸವೆಯುತ್ತದೆ. ನೀರಿನ ಮಟ್ಟ ನೋಡುವ ವಿದ್ಯುತ್ ಪ್ರೋಬ್ ಇರುವ ಬಾಯ್ಲರಿನಲ್ಲಿ ಇನ್ನೊಂದು ಅಪಾಯವಿದೆ. ನೀರಿನಲ್ಲಿ ವಿದ್ಯುತ್ ಹರಿಯುವಷ್ಟು ಲವಣ ಇಲ್ಲದಿದ್ದರೆ ಬಾಯ್ಲರ್ ತುಂಬಿದ್ದು ಪ್ರೋಬಿಗೆ ಗೊತ್ತಾಗದೆ ಪಂಪ್ ತುಂಬುತ್ತಲೇ ಹೋಗುತ್ತದೆ. ಹಾಗಾಗಿ ಆರ್‌ಒ ನೀರಿಗೆ ಸ್ವಲ್ಪ ಬೈಕಾರ್ಬನೇಟ್ ಸೇರಿಸಬೇಕು. ಕ್ಯಾಲ್ಸಿಯಂ ತೀರಾ ಕಡಿಮೆಯಿರುವುದರಿಂದ ಸುಣ್ಣ ಕಟ್ಟುವ ಭಯ ಬಹುತೇಕ ಇಲ್ಲ.

ಸುಲಭದ ಪಾಕ: 5 ಗ್ರಾಂ ಅಡುಗೆ ಸೋಡಾವನ್ನು ಅರ್ಧ ಲೀಟರ್ ಆರ್‌ಒ ನೀರಿನಲ್ಲಿ ಕರಗಿಸಿ ಬಾಟಲಿಗೆ ಹಾಕಿ ಫ್ರಿಜ್ಜಿನಲ್ಲಿಡಿ. ಪ್ರತಿ ಲೀಟರ್ ಆರ್‌ಒ ನೀರಿಗೆ ಇದರಿಂದ 8 ಮಿಲಿಲೀಟರ್. ಲೀಟರಿಗೆ 80 ಮಿಲಿಗ್ರಾಂ ಸೋಡಾ ಆಯಿತು, ಕೆಎಚ್ ಲೆಕ್ಕದಲ್ಲಿ 50 ಪಿಪಿಎಂ ಹತ್ತಿರ. ಬೇಕಿಂಗ್ ಪೌಡರ್ ಹಾಕಬೇಡಿ, ಅದರಲ್ಲಿ ಹುಳಿಯೂ ಹಿಟ್ಟೂ ಇರುತ್ತದೆ. ಸೋಡಾ ಬದಲು ಪೊಟ್ಯಾಸಿಯಂ ಬೈಕಾರ್ಬನೇಟ್ ಸಿಕ್ಕರೆ ರುಚಿ ಇನ್ನೂ ಚೆಂದ, ಲೀಟರಿಗೆ 100 ಮಿಲಿಗ್ರಾಂ ಹಾಕಿ. ನಿಮ್ಮ ಆರ್‌ಒದಲ್ಲಿ ಟಿಡಿಎಸ್ ಹೊಂದಿಸುವ ತಿರುಪು ಇದ್ದರೆ ಅದು ಕಚ್ಚಾ ನೀರನ್ನು ಸ್ವಲ್ಪ ಬೆರೆಸುತ್ತಿರುತ್ತದೆ. ಅಂಥ ನೀರಿನ ಕೆಎಚ್ ಮೊದಲು ಅಳೆದು, ಕೊರತೆಯಷ್ಟನ್ನೇ ಸೇರಿಸಿ.

ಸೋಡಾದ ಗೋಜು ಬೇಡ ಎನ್ನುವವರು ನಲ್ಲಿ ನೀರನ್ನೇ ಬೆರೆಸಬಹುದು. ನಲ್ಲಿ ನೀರು 400 ಪಿಪಿಎಂ, ಆರ್‌ಒ 20 ಆಗಿದ್ದರೆ ಒಂದು ಲೋಟ ನಲ್ಲಿ ನೀರಿಗೆ ಏಳು ಲೋಟ ಆರ್‌ಒ. ಗಡಸುತನ 68ರ ಆಸುಪಾಸು ಬರುತ್ತದೆ. ಸುಣ್ಣ ಸ್ವಲ್ಪ ಕಟ್ಟುತ್ತದೆ, ತಕ್ಕಡಿ ಹೇಳಿದಾಗ ಡೀಸ್ಕೇಲ್ ಮಾಡಿದರಾಯಿತು. ಕೊಳವೆಬಾವಿ ನೀರು ಬಾಯಿಗೆ ಉಪ್ಪುಪ್ಪಾಗಿ ಹತ್ತಿದರೆ ಮಾತ್ರ ಈ ದಾರಿ ಹಿಡಿಯಬೇಡಿ. ಅದರ ಕ್ಲೋರೈಡ್ ಸ್ಟೇನ್‌ಲೆಸ್ ಸ್ಟೀಲಿನಲ್ಲಿಯೂ ತೂತು ಬೀಳಿಸುತ್ತದೆ. ಕಟ್ಟಡದ ವಾಟರ್ ಸಾಫ್ಟ್‌ನರ್ ಕ್ಯಾಲ್ಸಿಯಂ ಹಿಡಿಯುತ್ತದೆಯೇ ಹೊರತು ಕ್ಲೋರೈಡನ್ನು ತೆಗೆಯುವುದಿಲ್ಲ.

ಎರಡು ಮೂರು ವಾರ ಊರಿಗೆ ಹೋಗುವುದಿದ್ದರೆ ಟ್ಯಾಂಕ್ ಖಾಲಿ ಮಾಡಿ, ಒರೆಸಿ, ಮುಚ್ಚಳ ತೆರೆದಿಡಿ. ಡ್ರಿಪ್ ಟ್ರೇ ತೊಳೆದು ಒಣಗಿಸಿ, ಇಲ್ಲದಿದ್ದರೆ ಬೂಷ್ಟು ಬರುತ್ತದೆ. ಬಂದಮೇಲೆ ಬಾಯ್ಲರಿನಲ್ಲಿ ನಿಂತ ನೀರನ್ನು ಗ್ರೂಪ್, ಕೊಳವೆ ಎರಡರಿಂದಲೂ ಪೂರ್ತಿ ಹೊರಬಿಟ್ಟು, ಹೊಸ ನೀರು ತುಂಬಿ ಆಮೇಲೆ ಬಿಸಿಗಿಡಿ.